ನಾಯಕಿಗೆ ದನಿ ಕೊಟ್ಟವರು

ಒಮಾನಿನ ಸೊಹಾರಿನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಧಾರವಾಡದ ಗೆಳತಿ ಮೊನ್ನೆ ತೀರಿಕೊಂಡರು. ತೈಲದ ಬೆಲೆ ಕುಸಿದು ಗಂಡಂದಿರ ಕೆಲಸ ಹೋಗುತ್ತಿದ್ದ ಆ ದಿನಗಳಲ್ಲಿ, ಮಧ್ಯಾಹ್ನ ನಾವಿಬ್ಬರೂ ಅವರ ಟಿವಿಯಲ್ಲಿ ಹಳೆಯ ಮೂಕಿ ಧಾರಾವಾಹಿ ನೋಡುತ್ತಿದ್ದೆವು. ಸಾಹಸಿ ನಾಯಕಿಗೆ ಅವರೇ ದನಿ ಕೊಡುತ್ತಿದ್ದರು: “ಮಂಗ್ಯಾನ ಮಗನ, ಕೈ ಬಿಡ್ತೀಯೋ ಇಲ್ಲೋ!” ಪ್ರತಿ ಕಂತಿನ ಕೊನೆಗೂ ನಾಯಕಿಯ ಜೀವ ಅಪಾಯದಲ್ಲಿರುತ್ತಿತ್ತು. “ಹೆದರಬ್ಯಾಡ್ರಿ ಅಕ್ಕಾರ, ನಾಳೆ ಪಾರಾಗ್ತಾಳ,” ಎನ್ನುತ್ತಿದ್ದರು.

ಒಂದು ದಿನ ನಾಯಕಿಯನ್ನು ರೈಲು ಹಳಿಗೆ ಕಟ್ಟಿಹಾಕಿದ್ದರು. ಅಷ್ಟರಲ್ಲಿ ಗೆಳತಿಯ ಗಂಡನ ಫೋನ್ ಬಂತು. “ನೌಕರಿ ಖಲಾಸ್ ಏನ್ರೀ?” ಎಂದಷ್ಟೇ ಕೇಳಿ ಮತ್ತೆ ಬಂದು ಕೂತರು. ರೈಲು ಹತ್ತಿರವಾಯಿತು, ನಾಯಕಿಯ ಬಾಯಿ ಅಲುಗಿತು, ಇವರು ಮಾತಾಡಲಿಲ್ಲ. ಭಯವಾಗಿ ನಾನೇ ಕೂಗಿದೆ: “ಅಯ್ಯೋ, ಯಾರಾದ್ರೂ ಬಂದು ಬಿಡಿಸ್ರಪ್ಪಾ!”

“ಆಕಿ ಹಂಗ ಬೇಡ್ಕೊಳ್ಳಂಗಿಲ್ರೀ,” ಎಂದು ನನ್ನ ಕೈ ಹಿಡಿದುಕೊಂಡರು.