ಎಲ್ವಿಯೊ ಬಾಗಿಲು ತೆಗೆಯದ ವರ್ಷ

ನನ್ನನ್ನು ಹತ್ತೊಂಬತ್ತು ಸಲ ಕೊಂದವನು ಎಲ್ವಿಯೊ. ಅವನಷ್ಟು ಸಾಧುವಾದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಇಟಲಿಯಲ್ಲಿ ಕೋಟೆಯ ಊರುಗಳಿಗೆ ಬರವಿಲ್ಲ. ನಮ್ಮ ಮೊಂತೆಬ್ರೂಮೊ ಅವುಗಳಲ್ಲೊಂದು. ಗುಡ್ಡದ ಮೇಲೆ ಊರು, ಸುತ್ತ ಗೋಡೆ, ಒಂದೇ ಹೆಬ್ಬಾಗಿಲು. ಆರುನೂರು ವರ್ಷದ ಹಿಂದೆ ಪಕ್ಕದ ಫೊಸ್ಸನೇರದವರು ಮುತ್ತಿಗೆ ಹಾಕಿದಾಗ ನಮ್ಮವನೇ ಆದ ಗಾಸ್ಪರೆ ಹನ್ನೆರಡು ಹಂದಿಗಳ ಆಸೆಗೆ ಕಾವಲುಗಾರನನ್ನು ಇರಿದು ಬಾಗಿಲು ತೆಗೆದನಂತೆ. ಬೇರೆ ಊರಿನವರು ಗೆದ್ದ ಯುದ್ಧದ ಹಬ್ಬ ಮಾಡುತ್ತಾರೆ. ನಾವು ಸೋತದ್ದರ ಹಬ್ಬ ಮಾಡುತ್ತೇವೆ, ಏಕೆಂದರೆ ನಮ್ಮ ಹತ್ತಿರ ಇರುವುದು ಅದೊಂದೇ ಯುದ್ಧ. ಜುಲೈ ಕೊನೆಯ ಭಾನುವಾರ ಫೊಸ್ಸನೇರದವರು ತಗಡಿನ ಕವಚ ತೊಟ್ಟು ಬರುತ್ತಾರೆ, ಪ್ರವಾಸಿಗಳು ಬಸ್ಸಿನಲ್ಲಿ ಬರುತ್ತಾರೆ. ಕ್ಷೌರದ ಅಂಗಡಿಯ ಪ್ರೀಮೊ, ಅಂದರೆ ನಾನು, ಕಾವಲುಗಾರನಾಗಿ ಬಾವಿಕಟ್ಟೆಯ ಬಳಿ ಸಾಯುತ್ತೇನೆ. ಎಲ್ವಿಯೊ ಅಗುಳಿ ಎಳೆಯುತ್ತಾನೆ. ಆಮೇಲೆ ಗೆದ್ದವರೂ ಸೋತವರೂ ಚೌಕದಲ್ಲಿ ಒಟ್ಟಿಗೆ ಕೂತು ಸುಟ್ಟ ಹಂದಿ ತಿನ್ನುತ್ತೇವೆ.

ಗಾಸ್ಪರೆಯ ವೇಷ ಎಲ್ವಿಯೊಗೆ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ತನಗೆ ಅಂತ ಬಂದದ್ದು. ವೇಷ ಕಳಚಿದರೂ ಕಳಂಕ ಕಳಚಲಿಲ್ಲ. ನಲವತ್ತು ವರ್ಷ ಊರಿಗೆಲ್ಲ ಅಂಚೆ ಹಂಚಿದವನು, ಒಂದು ಕಾಗದ ಕಳೆದವನಲ್ಲ. ಆದರೂ ಇಸ್ಪೀಟಿಗೆ ಕೂತರೆ ಯಾರೂ ಅವನ ಜೋಡಿಯಾಗರು. ಕಾಫಿ ಅಂಗಡಿಗೆ ಕಾಲಿಟ್ಟರೆ ಸಾಕು, "ಏನೋ ಎಲ್ವಿಯೊ, ಹಂದಿಗಳು ಸೌಖ್ಯಾನಾ?" ಆಗಸ್ಟಿನಲ್ಲಿ ಸಮುದ್ರದ ಕಡೆ ಹೋಗುವಾಗ ನಮ್ಮಲ್ಲಿ ನೆರೆಯವರಿಗೆ ಮನೆ ಕೀಲಿಕೈ ಕೊಟ್ಟು ಹೋಗುವ ರೂಢಿ. ಅವನಿಗೆ ಯಾರೂ ಕೊಟ್ಟಿರಲಿಲ್ಲ. ನಾನೂ ಕೊಟ್ಟಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಮರದ ಚೂರಿಯೇ ಆದರೂ ಹತ್ತೊಂಬತ್ತು ಸಲ ಇರಿದಿದ್ದನಲ್ಲ.

ಅವನ ಎದುರುಮನೆಯಲ್ಲಿ ಎದ್ವೀಜೆ ಎಂಬ ವಿಧವೆ ಇದ್ದಾಳೆ. ಅವಳ ಕಿಟಕಿಯಲ್ಲಿ ಆರು ಕುಂಡ ಕಾಮಕಸ್ತೂರಿ. ತಂಗಿಯ ಮನೆಗೆ ಹೊರಟಾಗಲೆಲ್ಲ ಅವಳು ಊರಿನ ಆ ತುದಿಯ ಮಾಂಸದಂಗಡಿಯವನಿಗೆ ಕೀಲಿಕೈ ಕೊಡುತ್ತಿದ್ದಳು. ಅವನು ನೀರು ಹಾಕುವುದನ್ನು ಮರೆತು ಪ್ರತಿವರ್ಷವೂ ಗಿಡ ಒಣಗಿಸುತ್ತಿದ್ದ. ಹನ್ನೆರಡು ಹೆಜ್ಜೆ ದೂರದಲ್ಲಿ ಎಲ್ವಿಯೊ ಅದನ್ನು ನೋಡುತ್ತಾ ಕೂರುತ್ತಿದ್ದ. ಒಮ್ಮೆ ಗಡ್ಡ ಹೆರೆಸಿಕೊಳ್ಳುವಾಗ ಬಾಯಿಬಿಟ್ಟ.

"ಅವಳ ಕೀಲಿಕೈ ಒಂದೇ ಒಂದು ಸಲ ನನ್ನ ಕೈಗೆ ಬಂದ್ರೆ ಸಾಕು ಕಣೋ ಪ್ರೀಮೊ."

"ಕೇಳೋದು ತಾನೆ?"

"ಕೇಳ್ದೆ. ಊರ ಬಾಗಿಲನ್ನೇ ಹಂದಿಗೆ ಮಾರಿದೋನು, ನನ್ನ ಮನೆ ಬಾಗಿಲನ್ನ ಒಂದು ಮೂಳೆಗೆ ಮಾರ್ತೀಯ ಅಂದ್ಲು."

ನನಗೆ ನಗು ಬಂತು. ಅವನಿಗೆ ಬರಲಿಲ್ಲ.

ಆ ವರ್ಷದ ಹಬ್ಬದ ಭಾನುವಾರ ಡೋಲು ಬಡಿಯಿತು. ನಾನು ರೂಢಿಯಂತೆ ಎದೆ ಒಡ್ಡಿ ನಿಂತೆ. ಎಲ್ವಿಯೊ ಬಂದವನು ಚೂರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

"ಇವತ್ತು ನಿನ್ನ ಕೊಲ್ಲಲ್ಲ ಕಣೋ. ಬಾಗಿಲೂ ತೆಗಿಯಲ್ಲ."

ಹೋಗಿ ಅಗುಳಿಗೆ ಬೆನ್ನು ಕೊಟ್ಟು ಕೂತುಬಿಟ್ಟ. ಹತ್ತೊಂಬತ್ತು ವರ್ಷದಲ್ಲಿ ಆ ಹೊತ್ತಿಗೆ ನಾನು ಬದುಕಿದ್ದೇ ಇಲ್ಲ. ಏನು ಮಾಡಬೇಕೆಂದು ತೋಚದೆ ಒಂದು ಐಸ್‌ಕ್ರೀಂ ತಂದು ತಿಂದೆ.

ಹೊರಗೆ ಶತ್ರುಗಳ ದಳಪತಿ, ಫೊಸ್ಸನೇರದ ಹಲ್ಲಿನ ಡಾಕ್ಟರು, ಕುದುರೆಯ ಮೇಲಿಂದ ಕೂಗಿದರು: "ಲೋ ಎಲ್ವಿಯೊ! ಕವಚದೊಳಗೆ ಬೆಂದು ಹೋಗ್ತಿದೀವಿ! ಬೇಕಾದ್ರೆ ಇನ್ನೊಂದು ಹಂದಿ ಸೇರಿಸಿ ಕೊಡ್ತೀವಿ, ತೆಗಿಯಪ್ಪ!"

"ಹದಿಮೂರಕ್ಕೂ ತೆಗಿಯಲ್ಲ!"

ಪ್ರವಾಸಿಗಳು ಚಪ್ಪಾಳೆ ತಟ್ಟಿದರು. ಒಳಗೆ ಮಾಂಸದಂಗಡಿಯವನು "ಹಂದಿ ಒಣಗಿಹೋಗ್ತಿದೆ, ತೆಗಿಯೋ!" ಎಂದು ಎಲ್ಲರಿಗಿಂತ ಜೋರಾಗಿ ಬಡಿದುಕೊಂಡ. ಮೇಯರ್ ತಾರ್ಚೀಸಿಯೊ ಬೆವರುತ್ತಾ ಓಡಿಬಂದರು.

"ಊರಿಗೇ ದ್ರೋಹ ಮಾಡ್ತಿದೀಯಲ್ಲೋ!"

"ತೆಗೆದಾಗ್ಲೂ ಹಾಗೇ ಅಂದ್ರಿ ಸ್ವಾಮಿ," ಎಂದ ಎಲ್ವಿಯೊ, ಅಲುಗಾಡದೆ.

ಎರಡು ಗಂಟೆ ಕಳೆಯಿತು. ಮೇಯರ್ ಮೆಲ್ಲಗೆ ಜಾರಿಕೊಂಡರು. ಕೋಟೆಯ ಬುಡದ ವಾಹನ ನಿಲ್ದಾಣದಿಂದ ಊರೊಳಕ್ಕೆ ಒಂದು ಲಿಫ್ಟ್ ಇದೆ. ಹಬ್ಬದ ದಿನ ಬೀಗ ಹಾಕಿರುತ್ತಾರೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಮೇಯರೇ ಅದನ್ನು ತೆಗೆದರು. ಶತ್ರುಸೈನ್ಯ ಸಲಕ್ಕೆ ನಾಲ್ವರಂತೆ ಮೇಲೆ ಬಂತು. ಕವಚದ ಭಾರಕ್ಕೆ ಲಿಫ್ಟ್ ಕೀಂ ಎಂದಾಗಲೆಲ್ಲ ಒಬ್ಬ ಇಳಿದು ಈಟಿ ಹಿಡಿದು ಮುಂದಿನ ಸರದಿಗೆ ಕಾಯುತ್ತಿದ್ದ. ಕುದುರೆಯನ್ನು ಹತ್ತಿಸಲು ಡಾಕ್ಟರು ಬಹಳ ಹೊತ್ತು ಪ್ರಯತ್ನಪಟ್ಟರು. ಕಡೆಗೆ ಅದನ್ನು ಬಸ್ಸುಗಳ ನಡುವೆ ಕಟ್ಟಿ, ನಡೆದುಕೊಂಡೇ ಊರು ಗೆದ್ದರು.

ಎಲ್ಲರೂ ಊಟಕ್ಕೆ ಕೂತರು. ಎಲ್ವಿಯೊನನ್ನು ಯಾರೂ ಕರೆಯಲಿಲ್ಲ.

"ಏಳೋ, ಊರು ಬಿದ್ದಾಯ್ತು," ಎಂದೆ.

"ನನ್ನ ಬಾಗಿಲಿಂದ ಬೀಳಲಿಲ್ಲವಲ್ಲ," ಎಂದ. ನನಗೆ ಅಳು ಬಂತು. ಇಷ್ಟು ವರ್ಷ ಈ ಮನುಷ್ಯನಿಗೆ ಎಂಥ ಅನ್ಯಾಯ ಮಾಡಿದೆವು ಅನ್ನಿಸಿತು.

ಅಷ್ಟರಲ್ಲಿ ಎದ್ವೀಜೆ ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಹಂದಿಮಾಂಸ, ಬ್ರೆಡ್ಡು, ಪಕ್ಕದಲ್ಲಿ ಕೀಲಿಕೈ.

"ನಾಳೆ ತಂಗಿ ಮನೆಗೆ ಹೋಗಿ ಆಗಸ್ಟ್ ಇಪ್ಪತ್ತೊಂದಕ್ಕೆ ಬರ್ತೀನಿ. ದಿನಾ ಎರಡು ಹೊತ್ತು ನೀರು. ಎಲೆಗಲ್ಲ, ಬುಡಕ್ಕೆ. ಯಾರು ಬಂದ್ರೂ ಬಾಗಿಲು ತೆಗೀಬೇಡ, ತಿಳೀತಾ?"

ಎಲ್ವಿಯೊ ಮಾಂಸ ಮುಟ್ಟಲಿಲ್ಲ. ಕೀಲಿಕೈಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

ಆಗಸ್ಟ್ ಇಪ್ಪತ್ತರ ಬೆಳಿಗ್ಗೆ ಬೀದಿಯಲ್ಲಿ ಗಲಾಟೆ ಕೇಳಿ ಅಂಗಡಿಯಿಂದ ಹೊರಬಂದೆ. ಎದ್ವೀಜೆ ಪೆಟ್ಟಿಗೆ ಇಟ್ಟುಕೊಂಡು ತನ್ನದೇ ಬಾಗಿಲು ಬಡಿಯುತ್ತಿದ್ದಳು. ಒಳಗಿನಿಂದ ಎಲ್ವಿಯೊನ ಧ್ವನಿ:

"ಎದ್ವೀಜೆ ಬರೋದು ನಾಳೆ. ಯಾರಿಗೂ ತೆಗೀಬೇಡ ಅಂದಿದಾಳೆ."

"ನಾನೇ ಕಣೋ ಎದ್ವೀಜೆ! ತಂಗಿ ಜತೆ ಜಗಳ ಆಡ್ಕೊಂಡು ಒಂದಿನ ಮೊದ್ಲೇ ಬಂದೆ!"

"ಫೊಸ್ಸನೇರದೋರೂ ಇಂಥ ಕಥೆ ತುಂಬಾ ಹೇಳಿದಾರೆ."

ಅವಳ ತಲೆಯ ಮೇಲೆ, ಕಿಟಕಿಯಲ್ಲಿ, ಆರು ಕುಂಡಗಳೂ ಹಸಿರು ತುಂಬಿ ತುಳುಕುತ್ತಿದ್ದವು. ಅವಳು ಅದನ್ನು ನೋಡಿದಳು. ಪೆಟ್ಟಿಗೆಯ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನನ್ನ ಕಡೆ ತಿರುಗಿದಳು.

"ಏ ಪ್ರೀಮೊ, ಇಲ್ಲಿ ಬಂದು ಸಾಯೋ, ಆಗ್ಲಾದ್ರೂ ತೆಗೀತಾನೇನೋ!"

ನಾನು ಎದೆ ಹಿಡಿದುಕೊಂಡು ಅವಳ ಹೊಸ್ತಿಲ ಮೇಲೆ ಇಪ್ಪತ್ತನೆಯ ಸಲ ಸತ್ತೆ. ಬಾಗಿಲು ತೆರೆಯಿತು.