ಹದಿನೆಂಟು ತುಂಬುವವರೆಗೆ

ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಅಂಗಿಗಳಿಗೆ ಕಾಜ ಹಾಕುತ್ತಿದ್ದವಳನ್ನು ನಾವೆಲ್ಲ ಕಾಜದಕ್ಕ ಎನ್ನುತ್ತಿದ್ದೆವು. ಗಂಡ ಅವಳನ್ನು ಬಿಟ್ಟಾಗ ಮಗಳಿಗೆ ಐದು ವರ್ಷ. ಮದುವೆ ಮುರಿದರೆ ಮಕ್ಕಳು ತಂದೆಗೇ ಸೇರಬೇಕೆಂದು ಆಗಿನ ಕಾನೂನು ಹೇಳುತ್ತಿತ್ತು. ಅವನು ಮಗುವನ್ನು ದೂರದ ಊರಿಗೆ ಕರೆದೊಯ್ದ.

ಆ ಕಾನೂನು ಬದಲಾಗಲೆಂದು ಅದೇ ವರ್ಷ ಮಹಿಳಾ ಸಂಘ ಅರ್ಜಿ ಬರೆದಾಗ ಮೊದಲು ಸಹಿ ಹಾಕಿದವಳು ಅವಳೇ. ಆಮೇಲೆ ಹದಿನಾಲ್ಕು ವರ್ಷ, ರಜೆ ಸಿಕ್ಕಾಗಲೆಲ್ಲ ಚಪ್ಪಲಿ ಸವೆಸಿ ಮನೆಮನೆ ಅಲೆದು ಹೆಬ್ಬೆಟ್ಟು ಒತ್ತಿಸಿದಳು. "ಮಸಿ ಕಂಡ್ರೆ ನಮ್ಮನೆಯವರು ಸುಮ್ನಿರಲ್ಲ ಕಣಕ್ಕ" ಎಂದು ಯಾರಾದರೂ ಹಿಂಜರಿದರೆ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಕೊಡುತ್ತಿದ್ದಳು. "ಒರೆಸ್ಕೊಳ್ಳೇ. ವಾಸನೆ ಬಂದ್ರೆ ಸ್ಟವ್ ಹಚ್ತಿದ್ದೆ ಅನ್ನು. ಅಡುಗೆ ಕೆಲಸ ಅಂದ್ರೆ ಗಂಡಸರು ಹತ್ರ ಬಂದು ನೋಡಲ್ಲ."

ಕಾನೂನು ಪಾಸಾದ ದಿನ ಸಂಘದ ಕಾರ್ಯದರ್ಶಿ ಪತ್ರಿಕೆ ಹಿಡಿದು ಗಟ್ಟಿಯಾಗಿ ಓದಿದರು. ಹದಿನೆಂಟು ತುಂಬುವವರೆಗೆ ಮಕ್ಕಳನ್ನು ತನ್ನ ಬಳಿ ಇಟ್ಟುಕೊಳ್ಳಲು ತಾಯಿಯೂ ಕೇಳಬಹುದು ಎಂದಿತ್ತು. ಅಷ್ಟು ಓದಿ, ಕಾಜದಕ್ಕನ ಮುಖ ನೋಡಿ, ಅವರು ಓದು ನಿಲ್ಲಿಸಿದರು. ಮಗಳಿಗೆ ಆಗಲೇ ಹತ್ತೊಂಬತ್ತು.

"ನಿಲ್ಲಿಸಬೇಡಮ್ಮ, ಮುಂದೆ ಓದು" ಎಂದಳು ಅವಳು. "ನಂಗೆ ಹೋದ ವರ್ಷವೇ ಗೊತ್ತಿತ್ತು. ಇನ್ನು ಅವಳನ್ನ ಯಾವ ಕೋರ್ಟೂ ನನ್ನ ಹತ್ರ ಕಳಿಸಲ್ಲ. ಅವಳಿಗೇ ಮನಸ್ಸು ಬರಬೇಕು. ಅದನ್ನ ದೇವರ ಹತ್ರ ಕೇಳ್ಕೋತೀನಿ."

ಮಗಳಿಗೆ ಕಾಗದ ಬರೆದಳು. ಉತ್ತರ ಬರಲಿಲ್ಲ.

ಆ ವರ್ಷ ನಮ್ಮ ಬೀದಿಯೊಂದರಲ್ಲೇ ಮೂರು ಮಕ್ಕಳು ತಾಯಂದಿರ ಬಳಿ ಮರಳಿದವು. ಕಾಜದಕ್ಕ ಮೂರು ಮನೆಗೂ ಹೋದಳು. ಒಳಗೆ ಬಾ ಎಂದರೂ ಹೋಗದೆ, ಹೊಸ್ತಿಲಾಚೆ ನಿಂತು, ಮಕ್ಕಳು ಉಣ್ಣುವುದನ್ನು ನೋಡಿ ಬಂದಳು.