ನಾಲ್ಕು ಗಂಟೆಯ ನಂಜುಂಡಪ್ಪ

ಸಂಜೆ ನಾಲ್ಕಕ್ಕೆ ನಂಜುಂಡಪ್ಪನವರು ಮೋಟಾರಿನ ಸ್ವಿಚ್ಚು ಆರಿಸಿದರೆಂದರೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಮಗ್ಗ ನಿಂತರೆ ಒಂದೋ ಕರೆಂಟು ಹೋಗಿರಬೇಕು, ಇಲ್ಲವೇ ಯಾರಾದರೂ ಸತ್ತಿರಬೇಕು. ಇವರು ಮಾತ್ರ ಪುಸ್ತಕ ಓದಲು ನಿಲ್ಲಿಸುತ್ತಿದ್ದರು. ನಾಲ್ಕು ಮಗ್ಗಗಳ ಸದ್ದಿಗೆ ಒಗ್ಗಿದ ಗಂಟಲು. ನಿಶ್ಶಬ್ದದಲ್ಲೂ ಕೂಗಿಕೊಂಡೇ ಓದುತ್ತಿದ್ದರು.

ಪುಸ್ತಕ ನಮ್ಮ ಗ್ರಂಥಾಲಯದ್ದು. ಅರವತ್ತರ ದಶಕದ ಕೊನೆಯಲ್ಲಿ ನಾನಲ್ಲಿ ಗುಮಾಸ್ತನಾಗಿದ್ದೆ. ಸ್ಪೇನ್ ದೇಶದ ಹಳೆಯ ಹಾಸ್ಯ ಕಾದಂಬರಿಯೊಂದರ ಕನ್ನಡ ಸಂಗ್ರಹ ಅದು: ಲೋಕೋದ್ಧಾರಕ್ಕೆ ಹೊರಟ ಮರುಳು ಯಜಮಾನ, ಅವನ ಹಿಂದೆ ಹೊಟ್ಟೆಪಾಡಿನ ಆಳು. ಹದಿನೈದು ದಿನಕ್ಕೆಂದು ಒಯ್ದವರು ವರ್ಷಗಟ್ಟಲೆ ಹಿಂತಿರುಗಿಸಲಿಲ್ಲ. ಕೇಳಲು ಹೋದಾಗಲೆಲ್ಲ ನನ್ನನ್ನೂ ಕೂರಿಸಿಕೊಂಡು ಓದಿಬಿಡುತ್ತಿದ್ದರು. ಸುತ್ತ ಕೂತವರು ಬಿದ್ದು ಬಿದ್ದು ನಗುತ್ತಿದ್ದರು. ಇವರು ಗದರುತ್ತಿದ್ದರು: “ನಗ್ಬೇಡ್ರೋ! ಪಾಪ, ಅವನೊಬ್ನೇ ನೆಟ್ಟಗಿರೋನು.”

ಬಾಮೈದ ಮುನಿಯಪ್ಪನಿಗೆ ಅಕ್ಷರ ಬಾರದು. ಭಾವನ ಮಗ್ಗದಲ್ಲೇ ಅವನ ದುಡಿಮೆ. ಅವನ ಪಕ್ಷ ಆಳಿನದು. “ಊಟದ ವಿಷ್ಯ ಬಂದ್ರೆ ಆ ಆಳು ಸರಿಯಾಗೇ ಮಾತಾಡ್ತಾನೆ ಭಾವ. ಬೇಗ ಮುಗ್ಸಿ, ಇನ್ನೂ ಅರ್ಧ ಸೀರೆ ಐತೆ.” ಕೊನೆಯ ಅಧ್ಯಾಯ ಬಂದೊಡನೆ ನಂಜುಂಡಪ್ಪನವರು, “ಇದನ್ನ ಇಲಿ ತಿಂದೈತೆ ಕಣ್ರೋ” ಎಂದು ಮತ್ತೆ ಮೊದಲ ಪುಟಕ್ಕೆ ಹೋಗುತ್ತಿದ್ದರು. ಸರ್ಕಾರಿ ಪುಸ್ತಕವನ್ನು ಇಲಿಗೆ ಕೊಟ್ಟರಲ್ಲ ಎಂದು ನನಗೆ ಸಿಟ್ಟು.

ಒಮ್ಮೆ ಬೆಂಗಳೂರಿನ ವ್ಯಾಪಾರಿಯೊಬ್ಬ ಬಂದು, ಆರ್ಟ್ ಸಿಲ್ಕ್ ಎಂಬ ಕೃತಕ ರೇಷ್ಮೆಯ ಸೀರೆ ನೇಯ್ದು ‘ಶುದ್ಧ ರೇಷ್ಮೆ’ ಎಂಬ ಚೀಟಿ ಅಂಟಿಸಿಕೊಡಿ ಎಂದ.

“ಮದ್ವೆ ಹೆಣ್ಣಿಗೆ ಸುಳ್ಳು ಉಡಿಸ್ಲಾ? ಎದ್ದು ಹೋಗಯ್ಯ!” ಎಂದರು.

ಇವರ ಸೀರೆ ಕೊಳ್ಳುತ್ತಿದ್ದವನು ಅವನೊಬ್ಬನೇ. ಮೂರು ಮಗ್ಗ ನಿಂತವು. ಮುನಿಯಪ್ಪ ಪಕ್ಕದ ಬೀದಿಯಲ್ಲಿ ಕೂಲಿಗೆ ಸೇರಿದ. ಟವಲ್ ನೇಯ್ತೀನಿ ಎಂದು ಭಾವನಿಗೆ ಹೇಳಿದ್ದ. ನೇಯುತ್ತಿದ್ದದ್ದು ಅದೇ ಸುಳ್ಳು ಚೀಟಿಯ ಸೀರೆ. ಆ ಕೂಲಿಯಲ್ಲೇ ಎರಡೂ ಮನೆಗೆ ರಾಗಿ ಬರುತ್ತಿತ್ತು.

“ನಿನ್ನ ಭಾವನ್ನ ಬಿಟ್ಟು ಹೋಗ್ಬಾರದೇನಯ್ಯ?” ಎಂದು ಕೇಳಿದೆ.

“ಆವಯ್ಯನ್ನ ಯಾರು ನೋಡ್ಕೋತಾರೆ ಸ್ವಾಮಿ? ಹಸ್ಕೊಂಡು ಓದ್ತಾ ಕೂತಿರ್ತಾರೆ” ಎಂದ. ನಾಲ್ಕಕ್ಕೆ ತಪ್ಪದೆ ಓಡಿ ಬರುತ್ತಿದ್ದ.

ನಂಜುಂಡಪ್ಪನವರು ತೀರಿಕೊಂಡ ತಿಂಗಳಿಗೆ ಪುಸ್ತಕ ತರಲು ಹೋದೆ. ಮಗ್ಗಗಳು ಈಗ ಮುನಿಯಪ್ಪನವು. ಒಂದು ಓಡುತ್ತಿತ್ತು. ನಿಂತ ಮಗ್ಗದ ಮೇಲೆ ಅದೇ ‘ಶುದ್ಧ ರೇಷ್ಮೆ’ ಚೀಟಿಗಳ ಕಟ್ಟು.

“ಆ ವ್ಯಾಪಾರಿ ಮತ್ತೆ ಬಂದವ್ನೆ. ಸಂಜೆಗೆ ಉತ್ತರ ಹೇಳ್ಬೇಕು. ಹೂಂ ಅಂದ್ರೆ ನಾಲ್ಕೂ ಮಗ್ಗ ಓಡ್ತವೆ” ಎಂದು ಪುಸ್ತಕ ಕೊಟ್ಟ. “ಅದಕ್ಕೆ ಮೊದ್ಲು, ಕೊನೇಲಿ ಆ ಯಜಮಾನ ಏನಾದ, ಉಳಿದಿದ್ರೆ ಓದಿ ಹೇಳಿ.”

ತೆರೆದೆ. ಒಂದು ಪುಟವೂ ಹರಿದಿರಲಿಲ್ಲ. ಯಜಮಾನನಿಗೆ ಬುದ್ಧಿ ಬರುತ್ತದೆ. ಮಾಡಿದ್ದೆಲ್ಲ ಹುಚ್ಚೆಂದು ಒಪ್ಪಿಕೊಂಡು ಸಾಯುತ್ತಾನೆ. ಪುಸ್ತಕ ಮುಚ್ಚಿದೆ.

“ಇಲಿ ತಿಂದಿದೆ ಕಣಯ್ಯ” ಎಂದೆ.

“ಹಂಗಾದ್ರೆ ಇನ್ನೂ ಎಲ್ಲೋ ಓಡಾಡ್ಕೊಂಡವ್ನೆ ಬಿಡಿ” ಎಂದ ಮುನಿಯಪ್ಪ ಚೀಟಿಗಳ ಕಟ್ಟನ್ನು ಎತ್ತಿ, ವ್ಯಾಪಾರಿ ವಾಪಸು ಒಯ್ಯಲೆಂದು ಹೊರಗೆ ಜಗಲಿಯ ಮೇಲಿಟ್ಟು ಬಂದ. ನಾಲ್ಕಾಗಿತ್ತು. ಓಡುತ್ತಿದ್ದ ಒಂದು ಮಗ್ಗದ ಸ್ವಿಚ್ಚನ್ನೂ ಆರಿಸಿ, ನನ್ನೆದುರು ಕೂತ.

“ಮೊದಲಿಂದ ಓದಿ ಸ್ವಾಮಿ. ಸ್ವಲ್ಪ ಜೋರಾಗಿ.”